ಕಾರ್ಡಿಗೆ ಕಾವು ಕೊಟ್ಟ ಭೀಮಕ್ಕ

ಭೀಮಕ್ಕನಿಗೆ ಜಂಭ ಜಾಸ್ತಿ ಎಂದು ತಾವರೆಕೆರೆಯ ಸುತ್ತಮುತ್ತ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ ಬಿಡಿ, ಅದರಲ್ಲಿ ಸುಳ್ಳೇನೂ ಇಲ್ಲ. ಸಂತೆಯಲ್ಲಿ ಟಗರಿನ ಬೆಲೆ ಕೇಳಿ ದಲ್ಲಾಳಿ ಮೂಗು ಮುರಿದರೆ ಅವಳು ಎರಡನೇ ಮಾತಾಡುವುದಿಲ್ಲ. ಟಗರಿನ ಹಗ್ಗ ಹಿಡಿದು ಬಂದ ದಾರಿಯಲ್ಲೇ ವಾಪಸು ಹೊರಡುತ್ತಾಳೆ, ದಲ್ಲಾಳಿಯೇ ಹಿಂದೆ ಓಡಿ ಬರಬೇಕು. ಮದುವೆ ಮನೆಯಲ್ಲಿ ಬಾಯ್ತುಂಬ ಕರೆಯದೆ ಊಟಕ್ಕೆ ಏಳುವುದಿಲ್ಲ. ಬಸ್ಸಿನಲ್ಲಿ ಯಾರಾದರೂ ವಯಸ್ಸಾದವರು ಎಂದು ಸೀಟು ಬಿಟ್ಟುಕೊಟ್ಟರೆ, ಯಾರಿಗೆ ವಯಸ್ಸಾಗಿರುವುದು ಎಂದು ಕೇಳಿ ನಿಂತೇ ಬರುತ್ತಾಳೆ. ಇಂಥವಳನ್ನು ಜಂಭದವಳು ಅನ್ನದೆ ಇನ್ನೇನು ಅನ್ನಬೇಕು? ಆದರೆ ಆ ಜಂಭ ಇಲ್ಲದಿದ್ದರೆ ಗೊಲ್ಲರಹಟ್ಟಿಯ ಹೆಂಗಸರ ಕೈಯಲ್ಲಿ ಇವತ್ತು ಆ ಕಾರ್ಡು ಇರುತ್ತಿರಲಿಲ್ಲ. ಅದೂ ಸುಳ್ಳಲ್ಲ.

ಅವಳು ಹುಟ್ಟಿದ್ದು ಇದೇ ಹಟ್ಟಿಯಲ್ಲಿ, ದೇವರ ಪೂಜೆ ಮಾಡುವ ಮನೆಯಲ್ಲಿ. ಕೊಟ್ಟಿದ್ದು ಪಾವಗಡದ ಕಡೆಗೆ, ತಿರುಮಣಿಯ ಹತ್ತಿರ. ಅಲ್ಲಿ ಗಂಡ ಚಿತ್ತಪ್ಪನ ಜೊತೆ ಕುರಿಗಳ ಹಿಂದೆ ನಡೆದೂ ನಡೆದೂ ಹಿಮ್ಮಡಿ ಕಲ್ಲಾಯಿತು, ಬಾಯಿಗೆ ತೆಲುಗು ಹತ್ತಿತು. ಈಗಲೂ ಸಿಟ್ಟು ಬಂದರೆ ತೆಲುಗಿನಲ್ಲೇ ಬೈಯುವುದು. ಆಮೇಲೆ ಆ ಬಯಲೆಲ್ಲ ಸೋಲಾರಿಗೆ ಹೋಯಿತು. ಹೊಲದವರು ಜಮೀನು ಗುತ್ತಿಗೆಗೆ ಕೊಟ್ಟು ನೆಮ್ಮದಿಯಾಗಿ ಕೂತರು, ಕುರಿ ಮೇಯುತ್ತಿದ್ದ ಕಡೆ ಬೇಲಿ ಬಂತು, ಬೇಲಿಯೊಳಗೆ ಕಣ್ಣು ಹಾಯಿಸಿದಷ್ಟೂ ಗಾಜಿನ ಹಲಗೆ. ಹಲಗೆ ಮೇಯುವ ಕುರಿ ಇನ್ನೂ ಹುಟ್ಟಿಲ್ಲ ಎಂದು ಗಂಡನಿಗೆ ಹೇಳಿ, ಮಂದೆ ಹೊಡೆದುಕೊಂಡು ತವರಿಗೆ ಬಂದಳು. ಬಂದವಳು ಅಣ್ಣನ ಮನೆ ಬಾಗಿಲಲ್ಲಿ ನಿಲ್ಲಲಿಲ್ಲ. ಹಟ್ಟಿಯ ತುದಿಯಲ್ಲಿ ಕುರಿಗಳಿಗೆ ತಾನೇ ರೊಪ್ಪ ಹಾಕಿದಳು, ತಾನೇ ಮನೆ ಕಟ್ಟಿಸಿದಳು. ಅಣ್ಣ ಒಂದು ಕಂಬ ಕೊಡುತ್ತೇನೆ ಅಂದದ್ದಕ್ಕೂ ಬೇಡ ಅಂದಳು.

ಕಾರ್ಡು ಬಂದದ್ದು ಹೋದ ವರ್ಷ, ದೀಪಾವಳಿ ಕಳೆದ ಮೇಲೆ. ಶಿರಾದಲ್ಲಿ ಕುರಿ ಸಾಕುವ ಹೆಂಗಸರ ಸೊಸೈಟಿ ಒಂದಿದೆ, ಹಟ್ಟಿಯವರು ಟಗರು, ಉಣ್ಣೆ ಎಲ್ಲ ಅಲ್ಲಿಗೇ ಹಾಕುತ್ತಾರೆ. ಅಲ್ಲಿ ಕೆಲಸಕ್ಕಿರುವ ಲೋಹಿತಾ ಮಧುಗಿರಿಯ ಹುಡುಗಿ, ಸ್ಕೂಟಿಯಲ್ಲಿ ಹಟ್ಟಿ ಹಟ್ಟಿ ಸುತ್ತುತ್ತಾಳೆ. ಸುತ್ತಿ ಸುತ್ತಿ ಅವಳು ಕಂಡುಕೊಂಡ ವಿಷಯ ಇಷ್ಟು: ಬಹುಪಾಲು ಮನೆಗಳಲ್ಲಿರುವುದು ಒಂದೇ ಮೊಬೈಲು, ಅದು ಗಂಡನದ್ದೋ ಮಗನದ್ದೋ. ಟಗರು ಸಾಕಿದವಳು ಹೆಂಡತಿ, ದುಡ್ಡು ಬಂದು ಬೀಳುವುದು ಗಂಡನ ಮೊಬೈಲಿಗೆ. ಅದು ಬಂತೋ ಹೋಯಿತೋ ಅವಳಿಗೆ ಕಾಣುವುದೇ ಇಲ್ಲ. ಅದಕ್ಕೇ ಸೊಸೈಟಿಯವರು ಹೆಂಗಸರಿಗೆ ಬೇರೆ ಕಾರ್ಡು ಮಾಡಿಸಿದರು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಒಳಗೆ ಕಾಗದದಂಥ ತೆಳ್ಳನೆಯ ಬ್ಯಾಟರಿ, ಮೇಲೆ ಬೆರಳಗಲದ ಪರದೆ. ಹೆಬ್ಬೆಟ್ಟು ಇಟ್ಟರೆ ಪರದೆ ಬೆಳಗಿ ಕಾರ್ಡಿನ ಒಡತಿಯ ಹೆಸರು ಕನ್ನಡದಲ್ಲಿ ಮೂಡುತ್ತದೆ. ಆಮೇಲೆ ಅಂಗಡಿಯ ಮೆಷಿನ್ನಿಗೆ ತಾಗಿಸಿದರೆ ಮುಗಿಯಿತು. ಬೇರೆಯವರ ಹೆಬ್ಬೆಟ್ಟಿಗೆ ಅದು ಕಣ್ಣೇ ಬಿಡುವುದಿಲ್ಲ, ಗಂಡನೇ ಆಗಲಿ ಗೌಡನೇ ಆಗಲಿ.

ಭೀಮಕ್ಕನಿಗೆ ಓದಲು ಬರುವುದು ಬಸ್ಸಿನ ಬೋರ್ಡು ಮತ್ತು ತನ್ನ ಹೆಸರು, ಅಷ್ಟೇ. ಹೆಸರು ಬರೆಯಲು ಕಲಿತಳೇ ಹೊರತು ಅದನ್ನು ಎಲ್ಲೂ ಓದುವ ಭಾಗ್ಯ ಬಂದಿರಲಿಲ್ಲ. ಹಟ್ಟಿಯಲ್ಲಿ ಅವಳು ಪೂಜಾರಿಯ ತಂಗಿ, ಸಂತೆಯಲ್ಲಿ ಚಿತ್ತಪ್ಪನ ಹೆಂಡತಿ. ಕಾರ್ಡು ಕೊಟ್ಟ ದಿನ ಹಟ್ಟಿಯ ಹುಣಸೆಮರದ ಕೆಳಗೆ ಲೋಹಿತಾ ಹೇಳಿದ ಹಾಗೆ ಹೆಬ್ಬೆಟ್ಟು ಒತ್ತಿದಳು ನೋಡಿ, ಪರದೆಯ ಮೇಲೆ ಭೀಮಕ್ಕ ಎಂದು ಬೆಳ್ಳಗೆ ಮೂಡಿತು. ಬೆರಳು ತೆಗೆದಳು, ಹೋಯಿತು. ಮತ್ತೆ ಇಟ್ಟಳು, ಬಂತು. ಮನೆಗೆ ಹೋಗುವಾಗ ಸುತ್ತು ದಾರಿ ಹಿಡಿದಳು, ಎಲ್ಲರ ಮನೆ ಮುಂದೆಯೂ ಹಾಯ್ದು ಹೋಗಬೇಕಲ್ಲ!

ಬ್ಯಾಟರಿ ಅಂದ ಮೇಲೆ ಚಾರ್ಜು ಬೇಕೇ ಬೇಕು. ಈ ಕಾರ್ಡಿಗೆ ವೈರಿಲ್ಲ, ಪಿನ್ನಿಲ್ಲ. ಮನೆಯ ಮೊಬೈಲನ್ನು ಬೋರಲು ಮಲಗಿಸಿ, ಅದರ ಬೆನ್ನ ಮೇಲೆ ಕಾರ್ಡು ಇಟ್ಟು, ಅಲುಗಾಡಿಸದೆ ಬಿಡಬೇಕು. ಮೊಬೈಲಿನ ಚಾರ್ಜು ಸ್ವಲ್ಪ ಸ್ವಲ್ಪವೇ ಕಾರ್ಡಿಗೆ ಇಳಿಯುತ್ತದೆ, ಇಳಿಯುತ್ತಿದೆ ಅನ್ನುವುದಕ್ಕೆ ಮೂಲೆಯಲ್ಲಿ ಹಸಿರು ಚುಕ್ಕಿ ಮಿನುಗುತ್ತದೆ. ಲೋಹಿತಾ ತನ್ನ ಮೊಬೈಲಿನ ಮೇಲೆ ಇಟ್ಟು ತೋರಿಸಿದಾಗ, ಇದೇನಮ್ಮ ಮೊಟ್ಟೆಗೆ ಕಾವು ಕೊಟ್ಟಂಗೆ ಐತಲ್ಲ ಎಂದಳು ಭೀಮಕ್ಕ. ಅಲ್ಲಿಗೆ ಹಟ್ಟಿಯಲ್ಲಿ ಚಾರ್ಜು ಎಂಬ ಮಾತೇ ಬಿದ್ದುಹೋಯಿತು. ನಿನ್ನ ಕಾರ್ಡಿಗೆ ಕಾವು ಕೊಟ್ಟೆಯಾ, ಕಾವಿಗಿಟ್ಟು ಬಂದೆ ಎಂದೇ ಮಾತು. ಗಂಡಸರು ನಕ್ಕರು, ಮರಿ ಯಾವಾಗ ಆಗುತ್ತದೆ ಎಂದು ಕೇಳಿದರು.

ಕಾರ್ಡಿನಲ್ಲಿ ಮೊದಲಿದ್ದ ಚಾರ್ಜು ಸಂಕ್ರಾಂತಿಯವರೆಗೆ ಬಂತು. ಆಮೇಲೆ ಒಂದೊಂದಾಗಿ ಆರಿದವು. ಹೆಂಗಸರು ಹೇಳಿಕೊಟ್ಟಂತೆಯೇ ಕಾವಿಗಿಟ್ಟರು. ಹಸಿರು ಚುಕ್ಕಿ ಬರಲಿಲ್ಲ. ಮೊಬೈಲು ಬಿಸಿಯಾಯಿತೇ ಹೊರತು ಕಾರ್ಡು ಕಣ್ಣು ಬಿಡಲಿಲ್ಲ. ಭೀಮಕ್ಕನದೂ ಅಷ್ಟೇ. ಹೆಬ್ಬೆಟ್ಟು ಒತ್ತಿ ಒತ್ತಿ ಬೆರಳು ನೋವು ಬಂತು, ಹೆಸರು ಮಾತ್ರ ಮೂಡಲಿಲ್ಲ. ಯಾರೋ ಮೊದಲು ಮೆಲ್ಲಗೆ ಅಂದರು, ಆಮೇಲೆ ಎಲ್ಲರೂ ಗಟ್ಟಿಯಾಗಿ ಅಂದರು: ಹಟ್ಟಿ ದೇವರಿಗೆ ಈ ಕಾರ್ಡು ಹಿಡಿಸಿಲ್ಲ. ಐ.ಡಿ.ಹಳ್ಳಿ ಕಡೆಯ ಹೆಂಗಸರ ಕಾರ್ಡುಗಳು ಚೆನ್ನಾಗಿ ನಡೆಯುತ್ತಿವೆ ಎಂಬ ಸುದ್ದಿ ಬೇರೆ ಬಂದು ಭೀಮಕ್ಕನ ಹೊಟ್ಟೆ ಉರಿಯಿತು.

ಇದರ ಮೇಲೆ ಲೋಹಿತಾಳ ಫೋನು. ಪಾಪ, ಆ ಹುಡುಗಿ ತಪ್ಪು ಮಾಡಿದವಳ ಹಾಗೆ ಮಾತಾಡಿದಳು. ಸೋಮವಾರ ಹಟ್ಟಿಗೆ ಬರುತ್ತೇನೆ, ಆವತ್ತೂ ಕಾರ್ಡುಗಳು ಆರಿದ್ದರೆ ಎಲ್ಲ ವಾಪಸು ತೆಗೆದುಕೊಂಡು, ಮೊದಲಿನ ಹಾಗೆ ಗಂಡಸರ ಹೆಸರಿಗೇ ಮಾಡಿಬಿಡಿ ಎಂದು ಮೇಲಿನವರು ಹೇಳಿದ್ದಾರೆ ಎಂದಳು. ಭೀಮಕ್ಕನ ಎದೆಗೆ ಚುಚ್ಚಿದ್ದು ಯಾಕೆ ಗೊತ್ತೇ? ಕಾರ್ಡು ಕೊಡುವ ಮೊದಲು ಶಿರಾದ ಸಭೆಯಲ್ಲಿ, ಹಟ್ಟಿಯವರಿಗೆ ಇದನ್ನು ಕಾಪಾಡಿಕೊಳ್ಳಲು ಬರುತ್ತದೆಯೇ ಎಂದು ಯಾರೋ ಕೇಳಿದಾಗ ಎದ್ದು ನಿಂತವಳು ಇವಳೇ. "ನಾವು ಕುರಿ ಸಾಕೋರು ಕಣ್ರಪ್ಪ. ಇಷ್ಟುದ್ದ ಕಾರ್ಡ್ ಸಾಕಕ್ಕೆ ಬರಲ್ವಾ?" ಎಂದಿದ್ದಳು. ಸಭೆ ಚಪ್ಪಾಳೆ ಹೊಡೆದಿತ್ತು. ಈಗ ಆ ಮಾತಿಗೆ ಸೋಮವಾರದ ಗಡುವು.

ಶನಿವಾರ ಚಿತ್ತಪ್ಪ ತೊಟ್ಟಿಗೆ ಬಗ್ಗಿ ಕುರಿಗಳಿಗೆ ನೀರು ಬಿಡುವಾಗ ಅವನ ಜೇಬಿನ ಮೊಬೈಲು ನೀರಿಗೆ ಬಿತ್ತು. ಭೀಮಕ್ಕ ಮೊದಲು ತೆಲುಗಿನಲ್ಲಿ ಬೈದು ಮುಗಿಸಿದಳು. ಆಮೇಲೆ ಮೊಬೈಲಿನ ಕವರು ಬಿಚ್ಚಿ, ಒರೆಸಿ, ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು. ಕವರಿನೊಳಗಿದ್ದ ತಾಮ್ರದ ತಗಡನ್ನು ಕಣ್ಣಿಗೊತ್ತಿಕೊಂಡು ದೇವರ ಪಟದ ಮುಂದೆ ಇಟ್ಟಳು. ಸಂಜೆ ತೆಗೆದು ನೋಡಿದರೆ ಮೊಬೈಲು ಬದುಕಿತ್ತು. ಕವರು ಇನ್ನೂ ಹಸಿ. ಬರಿಮೈಯ ಮೊಬೈಲನ್ನು ಬೋರಲು ಹಾಕಿ, ದಿನಾ ಮಾಡುವ ಅಭ್ಯಾಸ ನೋಡಿ, ಅದರ ಮೇಲೆ ಕಾರ್ಡು ಇಟ್ಟಳು. ಹಸಿರು ಚುಕ್ಕಿ ಮಿನುಗಿತು.

ಭೀಮಕ್ಕ ಬಗ್ಗಿ ನೋಡಿದಳು. ಮಿನುಗುತ್ತಲೇ ಇತ್ತು. ಖುಷಿಯಿಂದ ಕೂಗಬೇಕು ಎನ್ನುವಷ್ಟರಲ್ಲಿ ಕಣ್ಣು ದೇವರ ಪಟದ ಕಡೆ ಹೋಯಿತು. ಎದ್ದು ಹೋಗಿ ತಗಡು ತಂದಳು, ಮೊಬೈಲಿಗೂ ಕಾರ್ಡಿಗೂ ನಡುವೆ ಸರಿಸಿದಳು. ಚುಕ್ಕಿ ಆರಿತು. ತೆಗೆದಳು, ಹತ್ತಿತು. ಮತ್ತೆ ಸರಿಸಿದಳು, ಆರಿತು.

ಆ ತಗಡಿನ ಕಥೆ ಹೇಳಬೇಕು. ಭೀಮಕ್ಕನ ಅಣ್ಣ ದಾಸಣ್ಣನೇ ಹಟ್ಟಿಯ ಪೂಜಾರಿ. ಹಟ್ಟಿಗೆ ಹೊಸದಾಗಿ ಏನೇ ಬರಲಿ, ಅದಕ್ಕೆ ದೃಷ್ಟಿಯಾಗದ ಹಾಗೆ ಅವನು ಒಂದು ತಾಮ್ರದ ತಗಡಿನ ಮೇಲೆ ಮೊಳೆಯಲ್ಲಿ ಗೆರೆ ಕೊರೆದು, ಹಟ್ಟಿಯವರು ನಮ್ಮಪ್ಪ ಎಂದೇ ಕರೆಯುವ ದೇವರ ಪಾದಕ್ಕೆ ಮುಟ್ಟಿಸಿ ಕೊಡುತ್ತಾನೆ. ಟಗರಿನ ಕೊರಳಿಗೆ, ಬೈಕಿನ ಹ್ಯಾಂಡಲಿಗೆ, ಬೋರಿನ ಸ್ಟಾರ್ಟರಿಗೆ, ಎಲ್ಲಕ್ಕೂ ಒಂದೊಂದು. ಮೊಬೈಲಿಗೆ ಕಟ್ಟಲು ಕೊರಳೆಲ್ಲಿದೆ? ಬೆನ್ನ ಮೇಲಿಟ್ಟು ಕವರು ಹಾಕಿಕೊಂಡರು. ಹಟ್ಟಿಯ ಒಂದೇ ಒಂದು ಮೊಬೈಲೂ ತಗಡಿಲ್ಲದೆ ಇರಲಿಲ್ಲ. ಮಾತಾಡುವುದಕ್ಕೆ, ಫೋಟೋ ತೆಗೆಯುವುದಕ್ಕೆ, ಅಂಗಡಿಯಲ್ಲಿ ಸ್ಕ್ಯಾನ್ ಮಾಡುವುದಕ್ಕೆ ಅದರಿಂದ ಏನೂ ತೊಂದರೆ ಆಗಿರಲಿಲ್ಲವಾದ್ದರಿಂದ ಅದರ ಮೇಲೆ ಯಾರಿಗೂ ಗುಮಾನಿ ಬರಲಿಲ್ಲ. ಅದು ಅಲ್ಲಿದೆ ಎಂಬುದೇ ಮರೆತುಹೋಗಿತ್ತು.

ದಾಸಣ್ಣ ಕೆಟ್ಟವನಲ್ಲ. ಚಿಕ್ಕಂದಿನಲ್ಲಿ ಭೀಮಕ್ಕನನ್ನು ಹೆಗಲ ಮೇಲೆ ಕೂರಿಸಿಕೊಂಡೇ ಕುರಿ ಕಾದವನು. ತಗಡಿಗೆ ಯಾರ ಹತ್ತಿರವೂ ಬಿಡಿಗಾಸು ಕೇಳಿದವನಲ್ಲ. ಆದರೆ ಪೂಜಾರಿಕೆಯ ವಿಷಯಕ್ಕೆ ಬಂದರೆ ಮೂಗಿನ ತುದಿಯಲ್ಲೇ ಕೋಪ. ದೇವರ ಮನೆಯವಳಿಗೆ ಇದೆಲ್ಲ ಯಾಕೆ ಎಂದು ತನ್ನ ಹೆಂಡತಿಗೆ ಮಾತ್ರ ಕಾರ್ಡು ಬೇಡ ಅಂದುಬಿಟ್ಟಿದ್ದ. ಅತ್ತಿಗೆ ಆವತ್ತು ಹುಣಸೆಮರದ ಕೆಳಗೆ ಎಲ್ಲರ ಹಿಂದೆ ನಿಂತು, ಬೇರೆಯವರ ಹೆಸರು ಮೂಡುವುದನ್ನು ನೋಡಿ ಹೋಗಿದ್ದಳು. ಅಂಥ ಅಣ್ಣನ ಮುಂದೆ ನಿಂತು, ನೀನು ಕೊಟ್ಟ ತಗಡಿನಿಂದಲೇ ಎಲ್ಲ ಕೆಟ್ಟಿತು ಎಂದು ಹೇಳುವುದು ಹೇಗೆ?

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಸೊಸೆ ಲಾವಣ್ಯಳನ್ನು ಕರೆದು ಭೀಮಕ್ಕ ಎಲ್ಲ ತೋರಿಸಿದಳು. ಲಾವಣ್ಯ ಚುರುಕಿನ ಹುಡುಗಿ, ಕಣ್ಣು ಅರಳಿಸಿಕೊಂಡು ಆ ಕ್ಷಣವೇ ಉಪಾಯ ಹೇಳಿದಳು. ಇದರಲ್ಲೇನಿದೆ ಅತ್ತೆ, ಹೆಂಗಸರಿಗೆಲ್ಲ ಕಿವಿಯಲ್ಲಿ ಹೇಳೋಣ, ಒಳಗೆ ಬಾಗಿಲು ಹಾಕಿಕೊಂಡು ತಗಡು ತೆಗೆದು ಕಾವು ಕೊಟ್ಟು ಮತ್ತೆ ಅಲ್ಲೇ ಇಟ್ಟುಬಿಡೋದು, ಪೂಜಾರಪ್ಪನಿಗೆ ಗೊತ್ತೇ ಆಗಲ್ಲ ಎಂದಳು. ಸುಲಭವಾದ ದಾರಿ. ಯಾರ ಮನಸ್ಸೂ ನೋಯುವುದಿಲ್ಲ, ಸೋಮವಾರವೂ ಗೆದ್ದಂತೆ. ಭೀಮಕ್ಕನಿಗೂ ಒಂದು ಗಳಿಗೆ ಹೌದೆನ್ನಿಸಿತು.

ಆದರೆ ಜಂಭದ ಹೆಂಗಸಲ್ಲವೇ! ಕಾರ್ಡು ಕೈಯಲ್ಲಿ ಹಿಡಿದು ಹೆಬ್ಬೆಟ್ಟು ಇಟ್ಟಳು. ಹೆಸರು ಮೂಡಿತು. ಇನ್ನು ಮೇಲೆ ಬಾಗಿಲು ಹಾಕಿಕೊಂಡು ಮೂಡಿಸಬೇಕಾದ ಹೆಸರು. ಅದನ್ನು ನೋಡಿ ಅವಳಿಗೆ ಸಂತೋಷವಾಗುವ ಬದಲು ನಾಚಿಕೆಯಾಯಿತು. "ಕದ್ದು ಬರೋ ಹೆಸರು ನಂಗೆ ಬ್ಯಾಡ ಕಣೇ," ಎಂದಳು.

ಸಂಜೆಗೆ ಮುಂಚೆ, ಇನ್ನೂ ಬೆಳಕಿರುವಾಗಲೇ, ಎಲ್ಲರಿಗೂ ಕಾಣುವ ಹಾಗೆ ಹಟ್ಟಿಯ ನಡುವೆ ನಡೆದು ಗುಡಿಯ ಹತ್ತಿರ ಹೋದಳು. ದಾಸಣ್ಣ ಜಗಲಿಯ ಮೇಲೆ ಕೂತು ಹೂವಿನ ದಾರ ಬಿಡಿಸುತ್ತಿದ್ದ. ಎದುರಿಗೆ ಕೂತಳು. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಅವಳಿಗಿಲ್ಲ. ತಗಡು, ಮೊಬೈಲು, ಕಾರ್ಡು ಮೂರನ್ನೂ ಜಗಲಿಯ ಮೇಲೆ ಹರಡಿ, ಇಟ್ಟರೆ ಹೀಗೆ, ತೆಗೆದರೆ ಹೀಗೆ ಎಂದು ಮಾಡಿ ತೋರಿಸಿದಳು. ದಾಸಣ್ಣ ನೋಡಿದ. ಇನ್ನೊಂದು ಸಲ ಮಾಡು ಅಂದ. ಮಾಡಿದಳು. ಅವನ ಮುಖ ಕೆಂಪಾಯಿತು.

"ಅಂಗಾರೆ ನಮ್ಮಪ್ಪನೇ ಅಡ್ಡ ನಿಂತವ್ನೆ ಅಂತೀಯಾ?"

"ಅಡ್ಡ ಇರೋದು ತಾಮ್ರ ಕಣಣ್ಣ. ನಮ್ಮಪ್ಪ ತಾಮ್ರ ಅಲ್ವಲ್ಲ."

ದಾಸಣ್ಣನ ಕೈಯಲ್ಲಿದ್ದ ದಾರ ಹಾಗೇ ನಿಂತಿತು. ಬೇರೆ ದನಿಯಲ್ಲಿ ಕೇಳಿದ. ನನ್ನ ಹತ್ತಿರ ಯಾಕೆ ಬಂದೆ, ಸುಮ್ಮನೆ ಒಳಗೊಳಗೇ ತೆಗೆದು ಮತ್ತೆ ಇಟ್ಟಿದ್ದರೆ ನನಗೇನು ಗೊತ್ತಾಗುತ್ತಿತ್ತು ಎಂದ.

"ನಾನು ನಿನ್ ತಂಗಿ ಕಣಣ್ಣ. ನಿನ್ ಬೆನ್ನ ಹಿಂದೆ ಮಾಡೋಳಲ್ಲ."

ಅವನು ತಗಡನ್ನು ಎತ್ತಿ ಕಣ್ಣಿಗೊತ್ತಿಕೊಂಡ, ಎದ್ದು ಗುಡಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಭೀಮಕ್ಕ ಸ್ವಲ್ಪ ಹೊತ್ತು ಕಾದು ನೋಡಿ, ಮೊಬೈಲು ಕಾರ್ಡು ಎತ್ತಿಕೊಂಡು ಮನೆಗೆ ಬಂದಳು. ತಲೆ ಮಾತ್ರ ಬಗ್ಗಿಸಲಿಲ್ಲ.

ಸೋಮವಾರ ಬಿಸಿಲು ಏರುವ ಹೊತ್ತಿಗೆ ಲೋಹಿತಾ ಬಂದಳು. ಹುಡುಗಿಯ ಮುಖ ಸಪ್ಪೆ, ಕಾರ್ಡುಗಳನ್ನು ತುಂಬಿಕೊಂಡು ಹೋಗಲು ಖಾಲಿ ಚೀಲವನ್ನೂ ತಂದಿದ್ದಳು. ಹೆಂಗಸರು ಮನೆಮನೆಯ ಮೊಬೈಲು ಹಿಡಿದು ಹುಣಸೆಮರದ ಕೆಳಗೆ ಕೂತರು. ಭೀಮಕ್ಕ ಮುಚ್ಚುಮರೆಯಿಲ್ಲದೆ ತಾನು ಕಂಡದ್ದನ್ನು ಹೇಳಿ, ತನ್ನ ಬರಿಮೈಯ ಮೊಬೈಲಿನ ಮೇಲೆ ಕಾರ್ಡು ಇಟ್ಟು ತೋರಿಸಿದಳು. ಚುಕ್ಕಿ ಹತ್ತಿತು. ಲೋಹಿತಾ ಹಣೆ ಚಚ್ಚಿಕೊಂಡಳು. ಲೋಹ ಅಡ್ಡ ಇದ್ದರೆ ಚಾರ್ಜು ಹತ್ತುವುದಿಲ್ಲ ಎಂದು ಟ್ರೈನಿಂಗಿನಲ್ಲೇ ಹೇಳಿದ್ದರು ಅಕ್ಕ, ಕವರಿನೊಳಗೆ ತಗಡು ಇರುತ್ತದೆ ಎಂದು ನನಗೆ ಕನಸಾದರೂ ಬೀಳಬೇಕಲ್ಲ ಎಂದಳು. ಎಲ್ಲ ಸರಿ. ಆದರೆ ಒಬ್ಬ ಹೆಂಗಸೂ ತನ್ನ ಮೊಬೈಲಿನ ಕವರಿಗೆ ಕೈ ಹಾಕಲಿಲ್ಲ. ಎಲ್ಲರೂ ಗುಡಿಯ ಕಡೆ ನೋಡುತ್ತಿದ್ದರು. ದೇವರು ಕೊಟ್ಟದ್ದನ್ನು ತೆಗೆಯುವ ಧೈರ್ಯ ಯಾರಿಗಿದೆ? ಲೋಹಿತಾ ಭೀಮಕ್ಕನ ಮುಖ ನೋಡಿದಳು.

ಆಗ ಗುಡಿಯ ಬಾಗಿಲು ತೆರೆಯಿತು. ದಾಸಣ್ಣ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ, ಕೈಯಲ್ಲಿ ಹಿತ್ತಾಳೆಯ ಹರಿವಾಣ ಹಿಡಿದು ಬಂದ. ಅವನ ಹಿಂದೆ ಸ್ವಲ್ಪ ದೂರದಲ್ಲಿ ಅತ್ತಿಗೆ. ಹೆಂಗಸರು ಎದ್ದು ನಿಂತರು. ಅವನು ಯಾರ ಮುಖವನ್ನೂ ನೋಡದೆ ಮೊದಲ ಸಾಲಿನ ಹೆಂಗಸಿನ ಮುಂದೆ ಹೋಗಿ, ಕವರು ತೆಗಿಯಮ್ಮ ಎಂದ. ಅವಳು ತೆಗೆದಳು. ತಗಡನ್ನು ತನ್ನ ಕೈಯಾರೆ ಎತ್ತಿ, ಕಣ್ಣಿಗೊತ್ತಿಕೊಂಡು, ಹರಿವಾಣದಲ್ಲಿ ಇಟ್ಟ. ಹಾಗೆಯೇ ಮುಂದಿನವಳು, ಅದರ ಮುಂದಿನವಳು. ಲಾವಣ್ಯಳ ಕವರು ಬಿಗಿಯಾಗಿತ್ತು, ಅದನ್ನು ಅವನೇ ಉಗುರು ಹಾಕಿ ಬಿಡಿಸಿದ. ಎಲ್ಲ ಮುಗಿದ ಮೇಲೆ ಹಟ್ಟಿಗೆಲ್ಲ ಕೇಳುವ ಹಾಗೆ ಹೇಳಿದ.

"ಇವು ಇನ್ ಮ್ಯಾಲೆ ಗುಡಿಯಾಗೇ ಇರ್ಲಿ. ನಮ್ಮಪ್ಪ ಅಲ್ಲಿಂದ್ಲೇ ಕಾಯ್ತಾನೆ. ಕಾಯಕ್ಕೆ ಅವ್ನು ಕವರೊಳಗೇ ಕುಂತಿರ್ಬೇಕಾ?"

ಎಂಥ ಅಣ್ಣ ನನ್ನ ಅಣ್ಣ ಎಂದು ಆವತ್ತು ಭೀಮಕ್ಕನಿಗೆ ಅನ್ನಿಸಿದ್ದು ಹೇಳಲು ಮಾತು ಸಾಲದು. ಹೆಂಗಸರು ಮೊಬೈಲುಗಳನ್ನು ಮಡಿಲಲ್ಲಿ ಬೋರಲು ಮಲಗಿಸಿ ಕಾರ್ಡುಗಳನ್ನು ಕಾವಿಗಿಟ್ಟರು. ಮರದ ನೆರಳಿನಲ್ಲಿ ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕಿ ಹತ್ತಿಕೊಂಡಿತು. ಅಲುಗಾಡಿದರೆ ಕೆಟ್ಟೀತು ಎಂದು ಯಾರೂ ನೊಣವನ್ನೂ ಓಡಿಸಲಿಲ್ಲ. ಆಮೇಲೆ ಒಬ್ಬೊಬ್ಬರೇ ಹೆಬ್ಬೆಟ್ಟು ಇಟ್ಟರು. ಲೋಹಿತಾ ಸಾಲಿನ ಉದ್ದಕ್ಕೂ ಬಗ್ಗಿ ಬಗ್ಗಿ ಓದುತ್ತಾ ಹೋದಳು. ಈರಮ್ಮ, ಲಾವಣ್ಯ, ಕರಿಯಮ್ಮ, ಸಣ್ಣತಿಮ್ಮಕ್ಕ. ಇವಳ ಹೆಸರು ಕರಿಯಮ್ಮ ಅಂತಲಾ ಎಂದು ಪಕ್ಕದ ಮನೆಯವಳೇ ಕೇಳಿದಳು, ನೋಡಿ. ಒಂದು ಕಾರ್ಡೂ ಆರಿ ಉಳಿಯಲಿಲ್ಲ. ಲೋಹಿತಾ ಆ ಖಾಲಿ ಚೀಲವನ್ನು ಮಡಿಸಿ ಸ್ಕೂಟಿಯ ಸೀಟಿನ ಕೆಳಗೆ ತುರುಕಿದಳು. ಭೀಮಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಶಿರಾದ ಸಭೆಯಲ್ಲಿ ಆಡಿದ ಮಾತು ಉಳಿದಿತ್ತು, ಆ ಹೊತ್ತಿನಲ್ಲಿ ಅವಳಷ್ಟು ಎತ್ತರದ ಹೆಂಗಸು ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ.

ಹೊರಡಬೇಕು ಎಂದು ಲೋಹಿತಾ ಕೀಲಿ ತಿರುಗಿಸುವಾಗ ದಾಸಣ್ಣ ತಡೆದ. ಹಿಂದೆ ನಿಂತಿದ್ದ ಹೆಂಡತಿಯ ಕಡೆ ಗದ್ದ ಎತ್ತಿ ತೋರಿಸಿ, ಇವಳಿಗೂ ಒಂದು ಕಾರ್ಡು ಮಾಡಿಸು, ಹೆಸರು ಬರೆದುಕೋ ಎಂದ. ಲೋಹಿತಾ ಸಂತೋಷದಿಂದ ಮೊಬೈಲು ತೆಗೆದು, ಹೆಸರು ಹೇಳಿ ಅಣ್ಣ ಎಂದಳು.

ದಾಸಣ್ಣ ಸುತ್ತ ನೋಡಿದ. ಆ ಹಟ್ಟಿಯಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಗಂಡನೂ ಹೆಂಡತಿಯ ಹೆಸರು ಹೇಳುವುದಿಲ್ಲ, ಅದರಲ್ಲೂ ಪೂಜಾರಿ ಹೇಳುವುದೇ ಇಲ್ಲ. ಜನಗಣತಿಯವರು ಬಂದರೂ ಪಕ್ಕದಲ್ಲಿದ್ದವರು ಯಾರಾದರೂ ಹೇಳಿಬಿಡುತ್ತಾರೆ. ಈಗಲೂ ಹೆಂಗಸರೆಲ್ಲ ಭೀಮಕ್ಕನ ಕಡೆ ತಿರುಗಿದರು. ನಾದಿನಿ ತಾನೇ ಹೇಳಬೇಕಾದವಳು? ಹೆಸರು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ದಾಸಣ್ಣ ತಂಗಿಯ ಮುಖ ನೋಡಿದ. ಭೀಮಕ್ಕ ತುಟಿ ಬಿಗಿಹಿಡಿದು, ಕಣ್ಣು ಮಿಟುಕಿಸದೆ ಅಣ್ಣನನ್ನೇ ನೋಡಿದಳು.

ಅವನು ಹರಿವಾಣವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ತಗಡುಗಳು ಒಂದಕ್ಕೊಂದು ತಾಗಿ ಸದ್ದಾದವು. ಗಂಟಲು ಸರಿಮಾಡಿಕೊಂಡ.

"ಕ್ಯಾತಮ್ಮ," ಎಂದ.

ಬರೆದುಕೊಳ್ಳುವ ಹುಡುಗಿಗೆ ಹೇಳಿದ ಮಾತು ಅದು. ಆದರೆ ಮದುವೆಯಾಗಿ ಮೊಮ್ಮಕ್ಕಳನ್ನು ಕಂಡ ಮೇಲೆ ಮೊದಲ ಸಲ ಆ ಬಾಯಿಂದ ತನ್ನ ಹೆಸರು ಕೇಳಿದ ಅತ್ತಿಗೆ, ಗಂಡ ತನ್ನನ್ನೇ ಕರೆದನೆಂದು, "ಓ," ಎಂದು ಓಗೊಟ್ಟು ಮುಂದೆ ಬಂದಳು.